ಕುಂಕುಮ, ಒಂದು ಮೆಗಾಓಮ್

ನಮ್ಮ ಮೋಟಾರಿಗೆ ಅಸ್ಮಾ ಅಕ್ಕನ ನೈಟಿ ಕಂಡರೆ ಆಗುತ್ತಿರಲಿಲ್ಲ. ಎರಡನೇ ಮಹಡಿಯ ಬಾಡಿಗೆಯವರಾದ ಅವರು ತಾರಸಿಗೆ ಬಂದು ಒದ್ದೆ ನೈಟಿಯನ್ನು ಜಾಡಿಸಿದರೆ ಸಾಕು, ಕೆಳಗೆ ಸಂಪಿನ ಪಕ್ಕ ಓಡುತ್ತಿದ್ದ ಮೋಟಾರು ಗಕ್ಕನೆ ನಿಲ್ಲುತ್ತಿತ್ತು. ಒಣಗಿದ್ದನ್ನು ತೆಗೆದುಕೊಳ್ಳಲು ಬಂದಾಗ ಮತ್ತೆ ಶುರುವಾಗುತ್ತಿತ್ತು.

"ನಿನ್ ಮೋಟ್ರು ನಿನ್ ಥರಾನೇ ಕಣೇ ಮಂಜು," ಎಂದರು ಅವರು. "ಯಾರಾದ್ರೂ ಹತ್ರ ಬಂದ್ರೆ ಗಾಬರಿ ಆಗತ್ತೆ."

ನಾನು ನಕ್ಕೆ. ಉತ್ತರ ಹೊಳೆದದ್ದು ಅವರು ಮೆಟ್ಟಿಲಿಳಿದು ಹೋದ ಮೇಲೆ. ನನ್ನ ಉತ್ತರಗಳೆಲ್ಲ ಹಾಗೆಯೇ, ಜನ ಹೋದ ಮೇಲೆ ಬರುತ್ತವೆ. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿ ಇಂಟರ್‌ವ್ಯೂಗಳಿಗೆ ಹೋದಾಗಲೂ ಸರಿಯಾದ ಉತ್ತರಗಳನ್ನೆಲ್ಲ ವಾಪಸು ಬರುವ ಬಸ್ಸಿನ ಕಿಟಕಿಗೇ ಹೇಳಿದ್ದೇನೆ.

ಹಾಗಾಗಿ ನನಗೆ ತಾರಸಿಯ ಮೇಲಿನ ಶೀಟಿನ ರೂಮು ಬೇಕಿತ್ತು. ಕೊಡಿಗೇಹಳ್ಳಿಯಲ್ಲಿ ನಮ್ಮ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಅಪ್ಪ ಮೂರು ಮಹಡಿ ಎಬ್ಬಿಸಿದ್ದಾರೆ. ಮನುಷ್ಯ ನಿಲ್ಲಬಹುದಾದ ಕಡೆಯಲ್ಲೆಲ್ಲ ಒಬ್ಬ ಬಾಡಿಗೆದಾರ ನಿಂತಿದ್ದಾನೆ; ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಇಸ್ತ್ರಿಯವನು. ಉಳಿದದ್ದು ಟ್ಯಾಂಕಿನ ಪಕ್ಕದ ಆ ರೂಮೊಂದೇ. ಅಲ್ಲಿ ನನ್ನ ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು, ಸ್ಟೂಲು ಮತ್ತು ಯಾರೂ ಏನೂ ಕೇಳದ ಮಧ್ಯಾಹ್ನಗಳು ಇದ್ದವು. ಅದರ ಮೇಲೂ ಅಪ್ಪನ ಕಣ್ಣು ಬಿತ್ತು. ಹೆಬ್ಬಾಳದಲ್ಲಿ ಕೆಲಸ ಮಾಡುವ ಜಗನ್ ಎಂಬ ಹುಡುಗ ಭಾನುವಾರ ರೂಮು ನೋಡಲು ಬರುವವನಿದ್ದ.

"ಟ್ಯಾಂಕ್ ತುಂಬಿ ಪಕ್ಕದ್ಮನೆ ಲಕ್ಕಣ್ಣನ ಕಾರ್ ಮೇಲೆ ಸುರೀತಿದೆ. ದಿನಾ ಬಂದು ಬೈತಾನೆ," ಎಂದರು ಅಪ್ಪ. "ಓದಿದ್ಯಲ್ಲ, ಅದನ್ನ ನಿಲ್ಸು. ನಿಲ್ಸಿದ್ರೆ ರೂಮ್ ನಿಂದು. ಇಲ್ಲಾಂದ್ರೆ ಜಗನ್‌ದು."

ನಾನು ಮಾಡಿದ ಸರ್ಕ್ಯೂಟು ಸರಳವಾಗಿತ್ತು. ಅಡುಗೆಮನೆಯ ಎರಡು ಸ್ಟೀಲ್ ಚಮಚಗಳಿಗೆ ತಂತಿ ಕಟ್ಟಿ ಟ್ಯಾಂಕಿನ ಬಾಯಿಯಿಂದ ಇಳಿಬಿಟ್ಟೆ. ನೀರು ಏರಿ ಎರಡೂ ಚಮಚಗಳ ತುದಿ ಮುಟ್ಟಿದರೆ, ಒಂದರಿಂದ ಇನ್ನೊಂದಕ್ಕೆ ನೀರಿನ ಮೂಲಕ ಚೂರು ಕರೆಂಟು ಹರಿಯುತ್ತದೆ. ಅದು ರೂಮಿನಲ್ಲಿಟ್ಟ ಬೋರ್ಡಿನ ಮೇಲಿರುವ ಐಸಿ ಚಿಪ್‌ನ ಒಂದು ಕಾಲಿಗೆ "ತುಂಬಿತು" ಎಂದು ಹೇಳುತ್ತದೆ, ಮೋಟಾರು ನಿಲ್ಲುತ್ತದೆ. ನೀರು ಇಳಿದು ಸ್ವಲ್ಪ ಹೊತ್ತಾದ ಮೇಲೆ ತಾನೇ ಓಡುತ್ತದೆ.

ಹಾಗೆ ಆಗಬೇಕಿತ್ತು. ಆದರೆ ಮೋಟಾರು ನೈಟಿಗೆ ನಿಂತಿತು, ನಾನು ತಲೆ ಬಾಚಿದರೆ ನಿಂತಿತು, ಬೆಕ್ಕು ಮೈಮುರಿದರೆ ಓಡಿತು. ಮಂಗಳವಾರ ಅಪ್ಪ ಬಂದು ಬೋರ್ಡಿನತ್ತ ಬೆರಳು ತೋರಿಸಿ ಬೈದರು. ಆ ಬೆರಳಿಗೂ ನಿಂತಿತು. ಅಪ್ಪ ಬೆರಳನ್ನು ಹಿಂದಕ್ಕೆಳೆದುಕೊಂಡು ಅದನ್ನೇ ನೋಡಿದರು.

ಅಜ್ಜಿ ವೆಂಕಟಲಕ್ಷ್ಮಮ್ಮ ತನ್ನ ಚಮಚಗಳನ್ನು ಹುಡುಕಿಕೊಂಡು ಮೇಲೆ ಬಂದದ್ದು ಆಗಲೇ.

"ಪೂಜೆ ಮಾಡ್ದೆ ಸುರು ಮಾಡಿದ್ರೆ ಇಂಗೇ ಆಗಾದು," ಎಂದಳು. "ಬೋರ್ ತೆಗ್ಸಿದಾಗ ಮಾಡಿದ್ವಿ, ಟ್ರ್ಯಾಕ್ಟ್ರು ತಂದಾಗ ಮಾಡಿದ್ವಿ. ಇದೇನ್ ಆಕಾಸದಿಂದ ಇಳ್ದು ಬಂದೈತಾ?"

ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕುಂಕುಮಕ್ಕೆ ನೀರು ಹನಿಸಿ ಕಲಸಿಯಾಗಿತ್ತು. ತಪ್ಪು ಹುಡುಕಲೆಂದು ನಾನು ಬೋರ್ಡನ್ನು ಬೆನ್ನು ಮೇಲಾಗಿ ಇಟ್ಟಿದ್ದೆ. ಆ ಬೆನ್ನಿನ ಮೇಲೆ, ಸೋಲ್ಡರಿನ ಮುತ್ತುಗಳ ನಡುವೆ, ಉಂಗುರ ಬೆರಳಿನಿಂದ ಒಂದು ದಪ್ಪ ಬೊಟ್ಟು ಇಟ್ಟಳು.

ಮೋಟಾರು ಓಡಿತು. ಅಸ್ಮಾ ಅಕ್ಕ ನೈಟಿ ಜಾಡಿಸಿದರು, ಓಡುತ್ತಲೇ ಇತ್ತು. ಟ್ಯಾಂಕು ತುಂಬಿತು. ನಿಂತಿತು.

"ನೋಡ್ದಾ," ಎಂದು ಅಜ್ಜಿ ಚಮಚದ ವಿಷಯವನ್ನೇ ಮರೆತು ಇಳಿದುಹೋದಳು.

ಮಾರನೇ ದಿನ ಬೊಟ್ಟು ಒಣಗಿತು. ಮೋಟಾರಿಗೆ ಮತ್ತೆ ಹುಚ್ಚು ಹಿಡಿಯಿತು. ಅಜ್ಜಿ ಹೊಸ ಬೊಟ್ಟು ಇಟ್ಟಳು, ಹುಚ್ಚು ಬಿಟ್ಟಿತು. ವಿಷಯ ಲಕ್ಕಣ್ಣನ ಕಿವಿಗೂ ಮುಟ್ಟಿತು. ಬೈಯಲು ಬರುತ್ತಿದ್ದ ಅವರು ಈಗ ಎರಡೂ ಕೈಯಲ್ಲಿ ವೈಫೈ ಡಬ್ಬಿ ಹಿಡಿದು ಬಂದರು.

"ಅವ್ವಾ, ಇದ್ಕೂ ಒಂದ್ ಬೊಟ್ಟು ಇಡಿ. ಸಂಜೆ ಆದ್ರೆ ಸತ್ತೋಗ್ತದೆ."

ನಾನು ಒಬ್ಬಳೇ ಕೂತು ಬೊಟ್ಟನ್ನು ದಿಟ್ಟಿಸಿದೆ. ಅದು ಚಮಚದ ತಂತಿ ಸೇರುವ ಕಾಲಿಗೂ ನೆಗೆಟಿವ್ ಗೆರೆಗೂ ನಡುವೆ ಸೇತುವೆಯಂತೆ ಕೂತಿತ್ತು. ಆಗ ಹೊಳೆಯಿತು: ಕರೆಂಟನ್ನು ತಡೆದು ತಡೆದು ಬಿಡುವ ರೆಸಿಸ್ಟರ್ ಒಂದನ್ನು ಅಲ್ಲಿ ಹಾಕುವುದನ್ನೇ ನಾನು ಬಿಟ್ಟಿದ್ದೆ. ನೀರು ಮುಟ್ಟಿದರೆ ಆ ಕಾಲಿಗೆ "ತುಂಬಿತು" ಎಂದು ಗೊತ್ತಾಗುತ್ತಿತ್ತು. ಮುಟ್ಟದಿದ್ದಾಗ "ಇಲ್ಲ" ಎನ್ನುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಇಲ್ಲ ಎನ್ನಲು ಬಾರದ ಕಾಲು ಗಾಳಿಯಲ್ಲಿ ತೂಗಾಡುತ್ತ ನೈಟಿ, ಬೆಕ್ಕು, ಅಪ್ಪನ ಬೆರಳು ಎಲ್ಲಕ್ಕೂ ಹೂಂ ಹೂಂ ಎನ್ನುತ್ತಿತ್ತು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಪುಸ್ತಕದಲ್ಲಿದ್ದಂತೆ ಹತ್ತು ಸಾವಿರ ಓಮಿನ ರೆಸಿಸ್ಟರ್ ಹಾಕಿದೆ. ಟ್ಯಾಂಕು ತುಂಬಿ ಲಕ್ಕಣ್ಣನ ಕಾರಿನ ಮೇಲೆ ಜಲಪಾತ ಇಳಿಯಿತು. ಓಮು ಕಡಿಮೆಯಾದಷ್ಟೂ ಕರೆಂಟು ಹೆಚ್ಚು ಸೋರುತ್ತದೆ; ಚಮಚದ ತುದಿಯಿಂದ ಬರುವ ಬಡಪಾಯಿ ಕರೆಂಟನ್ನು ಆ ರೆಸಿಸ್ಟರ್ ಪೂರ್ತಿ ನುಂಗಿಬಿಟ್ಟಿತ್ತು. "ತುಂಬಿತು" ಎನ್ನುವ ಸುದ್ದಿಯೇ ಕಾಲಿಗೆ ತಲುಪಲಿಲ್ಲ. ಹಾಗಾದರೆ ಎಷ್ಟು ಬೇಕು? ಮನೆಯಲ್ಲಿ ಅದು ಗೊತ್ತಿದ್ದದ್ದು ಬೊಟ್ಟಿಗೆ ಮಾತ್ರ. ಒಂದು ಖಾಲಿ ಬೋರ್ಡು ಕೊಟ್ಟು, "ಅಜ್ಜಿ, ಇದ್ಕೂ ಅದೇ ಥರ ಇಡು," ಎಂದೆ. ಬೊಟ್ಟು ಹಸಿಯಿರುವಾಗಲೇ ಮಲ್ಟಿಮೀಟರಿನ ಎರಡು ಕಡ್ಡಿ ಒತ್ತಿ ನೋಡಿದೆ. ಹೆಚ್ಚುಕಡಿಮೆ ಒಂದು ಮೆಗಾಓಮ್.

ಅಂದರೆ ಹತ್ತು ಲಕ್ಷ ಓಮು; ಅಂಥ ರೆಸಿಸ್ಟರ್ ನನ್ನ ಡಬ್ಬಿಯಲ್ಲೇ ಇತ್ತು. ಬೆಸೆದೆ. ಎಲ್ಲ ಸರಿಹೋಯಿತು.

ಅಜ್ಜಿ ಮಾತ್ರ ಬೊಟ್ಟು ಇಡುವುದನ್ನು ನಿಲ್ಲಿಸಲಿಲ್ಲ. ರೆಸಿಸ್ಟರಿನ ಮೇಲೆ ಬೊಟ್ಟು, ಆ ಬೊಟ್ಟಿನ ಮೇಲೆ ಬೊಟ್ಟು ಬಿದ್ದು, ಶನಿವಾರದ ಹೊತ್ತಿಗೆ ಹಸಿ ಕುಂಕುಮದ ಗುಡ್ಡವೇ ಕರೆಂಟು ನುಂಗತೊಡಗಿತು. ಲಕ್ಕಣ್ಣನ ಕಾರಿಗೆ ಮತ್ತೆ ಸ್ನಾನ. ಬೇಡ ಅಜ್ಜಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಹೇಳುವುದಕ್ಕಿಂತ ಹೊಸ ಸರ್ಕ್ಯೂಟು ಮಾಡುವುದು ನನಗೆ ಸುಲಭ. ಬೋರ್ಡು ಒರೆಸಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿದೆ. ಮುಚ್ಚಳದ ಮೇಲೆ ಒಂದರ ಪಕ್ಕ ಒಂದು ಎರಡು ಹಿತ್ತಾಳೆ ಮೊಳೆ, ಅವುಗಳ ಮೇಲೊಂದು ಕೆಂಪು ಎಲ್ಇಡಿ. ಮೊಳೆಗಳ ನಡುವೆ ಹಸಿ ಕುಂಕುಮ ಇಟ್ಟರೆ ದೀಪ ಹೊತ್ತಿಕೊಳ್ಳುತ್ತದೆ. ಮೋಟಾರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಭಾನುವಾರ ಬೆಳಿಗ್ಗೆ ಅಜ್ಜಿ ಬೊಟ್ಟಿಟ್ಟಳು. ದೀಪ ಹೊತ್ತಿತು.

"ಕಣ್ ಬಿಡ್ತು ಕಣೋ ಅಶ್ವತ್ಥ," ಎಂದು ಅಪ್ಪನನ್ನು ಕರೆದು ಕೆನ್ನೆ ಬಡಿದುಕೊಂಡಳು.

ಅಪ್ಪ ಡಬ್ಬಿ ನೋಡಿದರು, ತುಂಬಿ ನಿಂತ ಟ್ಯಾಂಕು ನೋಡಿದರು. "ಪರ್ವಾಗಿಲ್ವೇ. ಕೆಲ್ಸ ಮುಗೀತಲ್ಲ, ಇನ್ನು ನಿಂಗೆ ರೂಮ್ ಯಾಕೆ? ಡಬ್ಬ ಒಂದ್ ಮೂಲೇಲಿರ್ಲಿ, ಜಗನ್‌ಗೇನೂ ತೊಂದ್ರೆ ಇಲ್ಲ."

ನಿಲ್ಸಿದ್ರೆ ರೂಮ್ ನಿಂದು ಅಂದಿದ್ರಲ್ಲಪ್ಪ ಎನ್ನುವ ಬದಲು ಸೋಲ್ಡರಿಂಗ್ ಕಡ್ಡಿಯ ವೈರು ಸುತ್ತತೊಡಗಿದೆ.

ಜಗನ್ ಬಂದ. ಒಳ್ಳೆಯ ಹುಡುಗನೇ. ಶೂ ಹಾಕಿಕೊಂಡೇ ಒಳಗೆ ಬಂದು ಶೀಟು ತಟ್ಟಿ ನೋಡಿ, "ಅಂಕಲ್, ಎಗ್ ಬೇಯ್ಸಕ್ಕೆ ಒಂದ್ ಸಣ್ಣ ಸ್ಟವ್ ಇಟ್ಕೊಬಹುದಾ? ಜಿಮ್ಮು," ಎಂದ.

ಮೂಲೆಯಲ್ಲಿ ಡಬ್ಬಿಗೆ ಅಜ್ಜಿ ಊದುಬತ್ತಿ ಹಚ್ಚಿ ನಿಂತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಲಕ್ಕಣ್ಣ ಈ ಸಲ ಬೊಟ್ಟಿಡಿಸಲು ಇನ್ವರ್ಟರಿನ ಕವರು ಹಿಡಿದು ಕಾಯುತ್ತಿದ್ದರು. ಎಲ್ಲರೂ ಜಗನ್‌ನ ಶೂ ನೋಡಿದರು. ಅವನೂ ನೋಡಿಕೊಂಡ.

"ಏನ್ ಅಶ್ವತ್ಥ್," ಎಂದರು ಲಕ್ಕಣ್ಣ ನಿಧಾನವಾಗಿ, "ದೇವ್ರ ಮನೇನೂ ಬಾಡಿಗೆಗೆ ಬಿಡ್ತಿದ್ದೀಯಾ ಈಗ?"

ಅಪ್ಪನ ಮುಖ ಇಳಿಯಿತು. ಕೊಡಿಗೇಹಳ್ಳಿಯಲ್ಲಿ ಏನು ಬೇಕಾದರೂ ಬಾಡಿಗೆಗೆ ಕೊಡಬಹುದು. ದೇವರ ಕೋಣೆ ಕೊಟ್ಟವರು ಇನ್ನೂ ಯಾರೂ ಇಲ್ಲ.

"ಚೇ, ಯಾರ್ ಹೇಳಿದ್ದು? ಇವ್ರು ಸುಮ್ನೆ ನೋಡಕ್ ಬಂದಿದ್ದು," ಎಂದರು ಅಪ್ಪ. ಜಗನ್ ತುದಿಗಾಲಲ್ಲಿ ನಡೆದು ಹೊರಗೆ ಹೋದ. ಹೋಗುವಾಗ ಡಬ್ಬಿಗೆ ಕೈ ಮುಗಿದ.

ಹೀಗೆ ರೂಮು ಉಳಿಯಿತು, ಆದರೆ ಅಜ್ಜಿಯ ಕಾನೂನಿನ ಕೆಳಗೆ. ಚಪ್ಪಲಿ ಹೊರಗೆ. ಎಗ್ ಪಫ್ ಇಲ್ಲ. "ಮತ್ತೆ ತಿಂಗ್ಳ ಆ ದಿನ್ಗಳಲ್ಲಿ ಒಳಕ್ ಓಗ್ಬ್ಯಾಡ," ಎಂದಳು ತಗ್ಗಿದ ದನಿಯಲ್ಲಿ. ಎಂದಿನಂತೆ ಹೂಂ ಎಂದೆ. ನಾನೇ ಬೆಸೆದ ಡಬ್ಬಿಗೆ ನಾನೇ ಮೈಲಿಗೆ.

ಆ ದಿನಗಳು ಬಂದವು. ಕೆಳಗಿನ ಮನೆಯಲ್ಲಿ ಸ್ಟೂಲಿಲ್ಲದೆ ಕೂತಿದ್ದಾಗ ಬಚ್ಚಲಿಂದ ಅಜ್ಜಿ ಕೂಗಿದಳು.

"ಮಂಜೂ, ನಲ್ಲೀಲಿ ನೀರ್ ನಿಂತೋಯ್ತು. ತಲೆ ತುಂಬಾ ಸೀಗೆಪುಡಿ ಐತೆ. ಓಗಿ ಆ ಮಿಸಿನ್ ನೋಡು."

"ನಾನು ಹೋಗೋ ಹಾಗಿಲ್ಲ ಅಜ್ಜಿ."

"ಯಾರ್ ಏಳಿದ್ದು?"

"ನೀನೇ."

ಬಚ್ಚಲಲ್ಲಿ ಖಾಲಿ ಚೊಂಬು ಬಕೆಟಿಗೆ ಬಡಿಯಿತು. ಆಮೇಲೆ, "ಅಸ್ಮಾನ ಕಳ್ಸು."

"ಅವ್ರು ಕೆಲ್ಸಕ್ಕೆ ಹೋಗಿದ್ದಾರೆ."

"ಕಣ್ ಉರೀತೈತೆ ಕಣೇ." ಬಚ್ಚಲ ಬಾಗಿಲು ಚೂರು ತೆರೆಯಿತು. "ಆ ಮಿಸಿನ್ನು ಗಂಡೋ ಎಣ್ಣೋ?"

"ಹೆಣ್ಣು," ಎಂದೆ. ಈ ಸಲ ಉತ್ತರ ಯಾರೋ ಮೆಟ್ಟಿಲಿಳಿಯುವವರೆಗೆ ಕಾಯಲಿಲ್ಲ.

"ಅಂಗಿದ್ರೆ ಓಗು. ಎಣ್ಣಿಗೆ ಎಣ್ಣು ಏನ್ ಮೈಲ್ಗೆ."

"ಇವತ್ತಿಗೆ ಮಾತ್ರಾನಾ, ಯಾವಾಗ್ಲೂನಾ?"

"ಯಾವಾಗ್ಲೂ ಓಗೇ ತಾಯಿ, ನೀರ್ ಬಿಡು ಮೊದ್ಲು."

ಮೇಲೆ ಹೋಗಿ ಟ್ಯಾಂಕಿಗೆ ಕೈಹಾಕಿದೆ. ಎರಡು ಚಮಚಗಳ ನಡುವೆ ಒದ್ದೆ ಪಾಚಿಯ ಒಂದು ಎಳೆ ಅಂಟಿಕೊಂಡು, ತಳ ಕಂಡ ಟ್ಯಾಂಕನ್ನು ತುಂಬಿದೆ ತುಂಬಿದೆ ಎಂದು ನಂಬಿಸುತ್ತಿತ್ತು. ಕಿತ್ತೆಸೆದೆ. ಸ್ವಲ್ಪ ಹೊತ್ತಿಗೆ ಕೆಳಗೆ ಮೋಟಾರು ಗುಂಯ್ ಎಂದಿತು. ರೂಮಿನೊಳಗೆ ಹೋದೆ; ಡಬ್ಬಿಯ ಮುಚ್ಚಳದ ಬೊಟ್ಟು ಒಣಗಿತ್ತು. ಬೆರಳಿಗಿನ್ನೂ ಟ್ಯಾಂಕಿನ ನೀರು ಅಂಟಿತ್ತು. ಅದರಿಂದಲೇ ಕುಂಕುಮ ಕಲಸಿ ಮೊಳೆಗಳ ನಡುವೆ ಒತ್ತಿದೆ.

ದೀಪ ಹೊತ್ತಿತು.