ಕೆಜಾಯಳ ಸೀಸೆಯೊಳಗಿನ ಸಿಡಿಲು

ಅಮೆರಿಕದ ಕನೆಕ್ಟಿಕಟ್ ನದಿಯಂಚಿನ ಒಂದು ಊರಿನಲ್ಲಿ ನೂಲುವ ರಾಟೆ ಮಾಡುವವನ ಮಗಳು ಕೆಜಾಯ ಆ ಬೇಸಿಗೆಯಲ್ಲಿ ನಗೆಪಾಟಲಿಗೀಡಾಗಿದ್ದಳು. ಅಪ್ಪನ ದೊಡ್ಡ ರಾಟೆಗೆ ಗಾಜಿನ ಗೋಳ ಹೊಂದಿಸಿ, ತಿರುಗುವ ಗಾಜಿಗೆ ಚರ್ಮದ ಮೆತ್ತೆ ಒತ್ತಿಹಿಡಿದು, ಅದರಿಂದ ಹುಟ್ಟುವ ವಿದ್ಯುತ್ತನ್ನು ನೀರು ತುಂಬಿ ತಂತಿ ಇಳಿಬಿಟ್ಟ ಸೀಸೆಯಲ್ಲಿ ಕೂಡಿಡುತ್ತೇನೆಂದು ಊರವರನ್ನೆಲ್ಲ ಕರೆದಿದ್ದಳು. ಒಂದು ಕಿಡಿಯೂ ಹಾರಲಿಲ್ಲ.

"ಇಷ್ಟು ತಿರುಗಿಸಿದ್ರೆ ಬೆಣ್ಣೆನಾದ್ರೂ ಬರ್ತಿತ್ತಲ್ಲೇ ಹುಡುಗಿ!" ಎಂದು ಗಿರಣಿಯ ಜೇಬೆಜ್ ಹಂಗಿಸಿದ್ದ.

ಕೆಜಾಯ ಸುಮ್ಮನಾಗಲಿಲ್ಲ. ಒಂದು ಮಳೆಯ ದಿನ ಗೋಳ ಒರೆಸುವಾಗ ಬೆರಳಿಗೆ ತೇವ ಅಂಟಿತು. ಥಟ್ಟನೆ ಹೊಳೆಯಿತು: ಹುಟ್ಟಿದ ವಿದ್ಯುತ್ತೆಲ್ಲ ಈ ತೇವದಲ್ಲೇ ಸೋರಿಹೋಗುತ್ತಿದೆ!

ನದಿ ಹೆಪ್ಪುಗಟ್ಟಿ ಗಾಳಿ ಒಣಗಿದ ಮೇಲೆ, ಗೋಳವನ್ನು ಒಲೆಯ ಮುಂದೆ ಬಿಸಿ ಮಾಡಿ ಮತ್ತೆ ಎಲ್ಲರನ್ನೂ ಕರೆದಳು. ಅಪ್ಪ ರಾಟೆ ತಿರುಗಿಸಿದ. ಗಾಜು ಚಟಚಟ ಎಂದಿತು. ಅವಳು ಸೀಸೆಯ ತಂತಿಯನ್ನು ಗೋಳಕ್ಕೆ ತಾಗಿಸಿ ವಿದ್ಯುತ್ತು ತುಂಬಿಸಿಕೊಂಡಳು.

"ಎಲ್ರೂ ಸಾಲಾಗಿ ಕೈ ಹಿಡ್ಕೊಳ್ಳಿ! ಸೀಸೆ ನನ್ನ ಒಂದು ಕೈಲಿರುತ್ತೆ, ಇನ್ನೊಂದು ಕೈಲಿ ಸಾಲಿನ ಈ ಕೊನೇಲಿರೋರ ಕೈ. ಆ ಕೊನೇಲಿರೋರು ಸುತ್ತಿ ಬಂದು ಇದರ ತಂತಿ ಮುಟ್ಟಬೇಕು."

ಕೊನೆಗೆ ನಿಂತಿದ್ದವನು ತಡವಾಗಿ ಬಂದ ಜೇಡಾಕ್. ಅವನ ಪಕ್ಕದಲ್ಲಿ ಅಣ್ಣ ಜೇಬೆಜ್. ಗಿರಣಿಯ ನೀರಿಗಾಗಿ ಜಗಳವಾಡಿದ ಮೇಲೆ ಅವರಿಬ್ಬರು ಮುಖ ಕೊಟ್ಟು ಮಾತಾಡಿರಲಿಲ್ಲ. ಜೇಡಾಕ್ ಅಣ್ಣನ ಕೈ ಹಿಡಿಯದೆಯೇ ತಂತಿ ಮುಟ್ಟಿದ.

ಏನೂ ಆಗಲಿಲ್ಲ. ಯಾರೋ ಕಿಸಕ್ಕೆಂದರು.

"ಅಯ್ಯೋ, ನಿಮ್ಮಿಬ್ಬರ ನಡುವೆನೇ ಸಾಲು ಕಡಿದುಹೋಗಿದೆ!" ಕೆಜಾಯ ಕುಣಿದಾಡುತ್ತ ಕೂಗಿದಳು. "ಕೈ ಹಿಡ್ಕೊಳ್ರಣ್ಣ, ನಿಮ್ಮ ಜಗಳ ನಾಳೆ ಆಡಿ!"

ಜೇಬೆಜ್ ಗೊಣಗುತ್ತ ತಮ್ಮನ ಮಣಿಕಟ್ಟು ಹಿಡಿದ. ಜೇಡಾಕ್ ತಂತಿಗೆ ಬೆರಳು ಚಾಚಿದ.

ಚಟೀರ್!

ಇಡೀ ಸಾಲು ಒಟ್ಟಿಗೇ ನೆಗೆಯಿತು. ಪಾದ್ರಿಗಳ ಟೋಪಿ ಜಾರಿತು, ಹೆಂಗಸರು ಕಿರುಚಿ ಬಿದ್ದು ಬಿದ್ದು ನಕ್ಕರು. ಜುಮ್ಮೆನ್ನುತ್ತಿದ್ದ ತೋಳನ್ನು ಉಜ್ಜಿಕೊಳ್ಳುತ್ತ ಕೆಜಾಯ, "ಬಂತು! ಅಪ್ಪಾ, ಬಂತು!" ಎಂದು ಅರಚಿದಳು.

ಜೇಬೆಜ್ ಇನ್ನೂ ತಮ್ಮನ ಕೈ ಬಿಟ್ಟಿರಲಿಲ್ಲ. "ನಿಂಗೂ ಹೊಡೀತೇನೋ?"

"ಮೊಣಕೈವರೆಗೂ ಕಣೋ! ನಿಂಗೆ?"

"ಎದೆಗೇ ಬಂತು. ಈ ಸಲ ತಂತಿ ನಾನು ಮುಟ್ತೀನಿ, ನೀನು ಈಚೆ ಬಾ."

"ಹೋಗೋ, ಮುಟ್ಟಿದ್ದು ನಾನು, ಇನ್ನೊಂದು ಸಲನೂ ನಾನೇ!"

ಅಣ್ಣತಮ್ಮಂದಿರು ಕೊನೆಯ ಜಾಗಕ್ಕಾಗಿ ಒಬ್ಬರನ್ನೊಬ್ಬರು ತಳ್ಳಾಡತೊಡಗಿದರು. ಕೆಜಾಯ ಆಗಲೇ ಗೋಳವನ್ನು ಒಲೆಯ ಮುಂದೆ ಹಿಡಿದಿದ್ದಳು.