ಉಪ್ಪರಿಗೆಯ ಹಲಗೆಗಳು

ಕಿವಿ ಕೇಳದವಳನ್ನು ಕರೆಯುವುದು ಹೇಗೆ ಎಂದು ಕೇಳುವವರು ಕಂಕನಾಡಿಯ ಆ ಹಳೇ ಮನೆಯ ಉಪ್ಪರಿಗೆಯನ್ನು ನೋಡಬೇಕಿತ್ತು. ಗುಲಾಬಿಯಕ್ಕ ಹಿಮ್ಮಡಿಯಿಂದ ಹಲಗೆಗೆ ಎರಡು ಗುದ್ದು ಕೊಟ್ಟು, ತುಸು ತಡೆದು ಇನ್ನೊಂದು ಕೊಟ್ಟರೆ ಆಚೆ ಕೋಣೆಯಲ್ಲಿದ್ದ ಮಗಳು ನಿರೀಕ್ಷಾಳ ಅಂಗಾಲಿಗೆ ಅದು ಮುಟ್ಟುತ್ತಿತ್ತು. ಅವಳು ಒಂದು ಗುದ್ದು ತಿರುಗಿ ಕೊಡಬೇಕು. ಅಂದರೆ, ಬಂದೆ. ಕೊಡುವ ತನಕ ಗುಲಾಬಿಯಕ್ಕ ಬಿಡುವ ಹೆಂಗಸಲ್ಲ!

ಆಮೇಲೆ ಕುಲಶೇಖರದಲ್ಲಿ ಹೊಸ ಮನೆಯಾಯಿತು, ಫಳಫಳ ಹೊಳೆಯುವ ಗ್ರಾನೈಟ್ ನೆಲ. ಬೆಂಕಿ ಬೀಳಲಿ ಆ ಕಲ್ಲಿಗೆ, ಅದರಲ್ಲಿ ಏನೂ ದಾಟುವುದಿಲ್ಲ. ಹೋದ ವರ್ಷ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ನಿರೀಕ್ಷಾ ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಚುತ್ತಿದ್ದಳು. ಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಬಲ ಹಿಮ್ಮಡಿ ಜಜ್ಜಿ ನೀಲಿಗಟ್ಟಿತ್ತು. ಆ ಒಂದು ಕರೆಗೆ ಓಗೊಡಲಾಗಲಿಲ್ಲವಲ್ಲ ಎಂಬ ಸಂಕಟ ಅಂದಿನಿಂದ ಅವಳನ್ನು ನೆಮ್ಮದಿಯಾಗಿ ನಿದ್ದೆ ಮಾಡಲು ಬಿಟ್ಟಿರಲಿಲ್ಲ.

ತಮ್ಮ ಸುಜಿತ್ ಧ್ವನಿ ಕಲಾವಿದ, ಸದ್ದನ್ನೇ ಕಲೆಯಾಗಿಸುವವನು. ಕಿವುಡರೂ ಕೇಳುವವರೂ ಒಟ್ಟಿಗೆ ಅನುಭವಿಸುವಂಥ ಪ್ರದರ್ಶನವೊಂದನ್ನು ಮಾಡುತ್ತೇನೆಂದು ಬಲ್ಮಠದಲ್ಲಿ ಹಾಲ್ ಹಿಡಿದ. ಸ್ಪೀಕರಿನಲ್ಲಿ ಕಡಲಿನ ಸದ್ದು; ಅದೇ ಸದ್ದು ಜನ ನಿಲ್ಲುವ ಹಲಗೆಯಡಿಯ ಯಂತ್ರಗಳಿಂದ ನಡುಕವಾಗಿ ಕಾಲಿಗೆ. ಹಲಗೆಗೆ ಊರೆಲ್ಲ ಹುಡುಕಿ, ಕೊನೆಗೆ ತಂದದ್ದು ಕೆಡವಿದ ಹಳೇ ಮನೆಯ ಉಪ್ಪರಿಗೆಯದ್ದೇ.

"ಮರ ಭಾರೀ ಒಳ್ಳೆಯದುಂಟು ಅಕ್ಕ," ಎಂದ, ಕೈಸನ್ನೆಯಲ್ಲಿ. ಅವರಿಬ್ಬರ ಮಾತೆಲ್ಲ ಹಾಗೆಯೇ.

ಪ್ರದರ್ಶನದ ದಿನ ಮಧ್ಯಾಹ್ನ, ನಡುಕ ಸರಿಯಾಗಿದೆಯೇ ಎಂದು ನೋಡಲು ನಿರೀಕ್ಷಾ ಬರಿಗಾಲಲ್ಲಿ ಹಲಗೆ ಹತ್ತಿದಳು. ಅಲೆ ಬಂತು, ಹೋಯಿತು. ಚೆನ್ನಾಗಿತ್ತು. ಅಲೆಗಳ ನಡುವೆ ಎರಡು ಗುದ್ದು ಬಂದವು. ತುಸು ತಡೆದು, ಇನ್ನೊಂದು.

"ಗುದ್ದು ಯಾಕೆ ಹಾಕಿದ್ದು ನೀನು?"

"ಎಂತ ಗುದ್ದು? ನಾನು ಹಾಕ್ಲೇ ಇಲ್ಲ. ನಂಗೆ ಕೇಳ್ತಾ ಉಂಟಲ್ಲ, ಬರೀ ಕಡಲು."

ಅವನು ಪ್ಲಗ್ಗನ್ನೇ ಕಿತ್ತು ಎತ್ತಿ ತೋರಿಸಿದ. ಅಲೆ ನಿಂತಿತು. ಗುದ್ದು ನಿಲ್ಲಲಿಲ್ಲ, ಅಮ್ಮನಿಗೆ ಸಿಟ್ಟು ಬಂದಾಗ ಆಗುತ್ತಿದ್ದ ಹಾಗೆ ಜೋರಾಯಿತು. ಸುಜಿತ್ ಹಲಗೆಗೆ ಕಿವಿಯೊತ್ತಿ, ಅಂಗೈಯಿಟ್ಟು ನೋಡಿ, ಏನೂ ಇಲ್ಲವೆಂದು ತಲೆಯಾಡಿಸಿದ. ಪಾಪ, ಅವನನ್ನು ಅಮ್ಮ ಯಾವತ್ತೂ ಬಾಯಲ್ಲೇ ಕರೆದದ್ದು.

ನಿರೀಕ್ಷಾಳಿಗೆ ಹೆದರಿಕೆಗಿಂತ ಮೊದಲು ಅಳು ಬಂತು. ಕಾಲು ಯೋಚನೆಗೆ ಕಾಯಲಿಲ್ಲ; ಚಿಕ್ಕಂದಿನ ರೂಢಿಯಲ್ಲಿ ಹಿಮ್ಮಡಿ ಎತ್ತಿ ಒಂದು ಗುದ್ದು ಕೊಟ್ಟೇಬಿಟ್ಟಿತು.

ಹಲಗೆ ಆ ಕ್ಷಣವೇ ಸುಮ್ಮನಾಯಿತು. ಉತ್ತರ ಸಿಕ್ಕಿದ ಮೇಲೆ ಅಮ್ಮ ಮತ್ತೆ ಕರೆಯುತ್ತಿರಲಿಲ್ಲ, ಮಗಳು ಬರುವ ದಾರಿ ನೋಡುತ್ತಾ ನಿಂತಿರುತ್ತಿದ್ದರು.

"ನೀನೆಂತ ಮಾಡಿದ್ದು ಅಕ್ಕ?"

"ಅಮ್ಮ ಕರೆದ್ರು. ಬಂದೆ ಅಂತ ಹೇಳಿದೆ."

ಸುಜಿತನ ಕೈಗಳು ತಡವರಿಸಿದವು. "ಬರುವುದಿಲ್ಲ ಅಂತ ಹೇಳು. ಈಗ್ಲೇ ಹೇಳು ಅಕ್ಕ!"

ಅವಳು ಹಿಮ್ಮಡಿ ಎತ್ತಿದಳು. ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಬರುವುದಿಲ್ಲ ಎನ್ನುವುದಕ್ಕೆ ಆ ಮನೆಯಲ್ಲಿ ಗುದ್ದು ಇರಲೇ ಇಲ್ಲ.