ಎಂಟು ನಿಮಿಷ ಮೊದಲೇ ಮುಳುಗಿದ ಚಂದ್ರ

ಆ ಸಂಜೆ ಚಾರ್ಸದ್ದಾ ಊರಿನ ಆಕಾಶದಲ್ಲಿ ಚಂದ್ರ ಕಾಣುವ ಮಾತೇ ಇರಲಿಲ್ಲ. ಸೂರ್ಯನಿಗಿಂತ ಎಂಟು ನಿಮಿಷ ಮೊದಲೇ ಅದು ಮುಳುಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಬಖ್ತ್ ಜಮಾನ್ ಆ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದ್ದ. ಆದರೆ ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ ಮುಗಿದ ಮೇಲೆ ಮಸೀದಿಯವರಿಗೆ ಬೇಕಾದದ್ದು ಲೆಕ್ಕವಲ್ಲ, ಕಣ್ಣು. ಮೋಡವಿದ್ದ ದಿನ ನಂಬಿಕಸ್ಥರಿಬ್ಬರು ಕಂಡೆವೆಂದರೆ ಸಾಕು, ಮರುದಿನ ಹಬ್ಬ. ಇಲ್ಲದಿದ್ದರೆ ಇನ್ನೊಂದು ಉಪವಾಸ.

ಊರಿಗೆ ಕಣ್ಣೆಂದರೆ ಜಮಾನನ ತಂದೆ ಮೀರ್ ಅಜಮ್. ನಲವತ್ತು ವರ್ಷಗಳಿಂದ ಮಸೀದಿಯ ಮಾಳಿಗೆ ಹತ್ತಿ ಚಂದ್ರನನ್ನು ಮೊದಲು ಹಿಡಿಯುತ್ತಿದ್ದವರು ಅವರೇ. ಈಗ ಎಪ್ಪತ್ತೆಂಟು ತುಂಬಿತ್ತು, ಮುಂದಿಟ್ಟ ಚಹಾದ ಬಟ್ಟಲನ್ನೂ ತಡವಿ ಹುಡುಕುತ್ತಿದ್ದರು. ಕಣ್ಣಿನ ಡಾಕ್ಟರ ಮಾತೆತ್ತಿದರೆ ಸಿಡಿಮಿಡಿಗುಟ್ಟುತ್ತಿದ್ದರು.

ಈ ಸಲ ಸಾಕ್ಷಿಗಳನ್ನು ವಿಚಾರಿಸುವ ಕೆಲಸವನ್ನು ಮೌಲ್ವಿ ಫಜ್ಲ್ ಹಾದಿ ಜಮಾನನಿಗೇ ಒಪ್ಪಿಸಿದ್ದರು.

"ಮಾಸ್ತರೇ, ನೀವು ಓದಿದವ್ರು. ಚಂದ್ರನ ಕೊಂಬು ಎತ್ತ ಇತ್ತು, ಎಷ್ಟು ಎತ್ತರದಲ್ಲಿತ್ತು, ಬಿಡಿಸಿ ಬಿಡಿಸಿ ಕೇಳಿ. ಸುಳ್ಳು ಹೇಳೋರು ಸಿಕ್ಕಿಬೀಳ್ಲಿ."

ಜಮಾನ್ ಹಿಗ್ಗಿಹೋಗಿದ್ದ. ತನ್ನ ಶಾಸ್ತ್ರಕ್ಕೂ ತನ್ನ ನಮಾಜಿಗೂ ಕೊನೆಗೊಂದು ದಿನ ಜಗಳ ಮುಗಿಯಿತು ಎಂದುಕೊಂಡಿದ್ದ, ಪಾಪ.

ಮೊದಲ ಸಾಕ್ಷಿ ರೊಟ್ಟಿ ಅಂಗಡಿಯ ಶಮ್‌ಶಾದ್. "ಮೋಡ ಒಂಚೂರು ಸರೀತು. ನಿಮ್ಮ ಬಾಬಾ ಬೆರಳು ತೋರಿಸಿದ್ರು. ನನಗೂ ಅಲ್ಲೇ ಕಾಣ್ತು, ದಾರದ ಹಾಗೆ."

"ಬೆರಳು ನೋಡಿದ್ಯೋ, ಚಂದ್ರ ನೋಡಿದ್ಯೋ?"

"ಎರಡೂ ನೋಡ್ದೆ, ಮಾಸ್ತರೇ!"

ಮಸೀದಿಯ ಅಂಗಳ ತುಂಬಾ ನಗು. ಎರಡನೆಯ ಸಾಕ್ಷಿಯಾಗಿ ಎದ್ದು ನಿಂತವರು ಜಮಾನನ ಅಪ್ಪನೇ.

"ಕೊಂಬು ಎತ್ತ ಇತ್ತು, ಬಾಬಾ?"

"ಮೇಲಕ್ಕೆ. ಒಂಚೂರು ಎಡಕ್ಕೆ ವಾಲಿತ್ತು. ನಿನಗೆ ಕಲಿಸಿದೋನು ನಾನು, ನನ್ನನ್ನೇ ಕೇಳ್ತೀಯಲ್ಲೋ!"

ಚಂದ್ರ ಇದ್ದಿದ್ದರೆ ಹಾಗೇ ಕಾಣುತ್ತಿತ್ತು, ಉತ್ತರದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆರು ವರ್ಷದವನಿದ್ದಾಗ ಇದೇ ಅಪ್ಪನ ಹೆಗಲ ಮೇಲೆ ಕೂತು ಜಮಾನ್ ಮೊದಲ ಸಲ ಆಕಾಶ ನೋಡಿದ್ದ. ಕಾಲೇಜಿನ ಕೆಲಸದವರೆಗೆ ಅವನನ್ನು ಎಳೆದು ತಂದದ್ದು ಆ ಹೆಗಲೇ.

"ಏನಂತೀರಿ ಮಾಸ್ತರೇ?" ಎಂದರು ಮೌಲ್ವಿ. "ಸಾಕ್ಷಿ ಗಟ್ಟಿ ಇದೆಯಾ?"

ಅಪ್ಪ ಮಗನಿದ್ದಾನೆಂದುಕೊಂಡ ಕಡೆ ಮುಖ ಮಾಡಿದ್ದರು. ಆದರೆ ಮಗ ನಿಂತಿದ್ದುದು ಅಲ್ಲಿಂದ ಒಂದು ಮಾರು ಆಚೆ. ಚಂದ್ರ ಮುಳುಗಿತ್ತು ಎಂಬ ಮಾತು ಜಮಾನನ ನಾಲಿಗೆಯ ತುದಿಗೆ ಬಂದು ನಿಂತಿತು.

"ನಮ್ಮಪ್ಪ ಸುಳ್ಳು ಹೇಳೋರಲ್ಲ" ಎಂದ.

ಓದಿದವನಲ್ಲವೇ, ನಿಜವನ್ನೇ ಆಡಿ ಸುಳ್ಳನ್ನು ಗೆಲ್ಲಿಸಿಬಿಟ್ಟ. ಹಬ್ಬ ಸಾರಿದ್ದೇ ತಡ, ಊರವರು ಖುಷಿಯಿಂದ ಆಕಾಶಕ್ಕೆ ಗುಂಡು ಹಾರಿಸಿದರು.

ಬೆಳಿಗ್ಗೆ ಅಪ್ಪ ತಮ್ಮ ಕೈಯಾರೆ ಶಾವಿಗೆ ಖೀರನ್ನು ಅವನ ಬಾಯಿಗಿಟ್ಟರು. ಹಬ್ಬದ ದಿನ ಉಪವಾಸ ಮಾಡಿದರೆ ಪಾಪ, ರಂಜಾನಿನ ಉಪವಾಸ ಬಿಟ್ಟರೂ ಪಾಪ. ಇವತ್ತಿನದು ಯಾವ ಪಾಪವೆಂದು ಊರಿನಲ್ಲಿ ಖಚಿತವಾಗಿ ಗೊತ್ತಿದ್ದವನು ಅವನೊಬ್ಬನೇ. ನುಂಗಿದ.

ಸಂಜೆ ಮೋಡ ಚದುರಿತ್ತು. ಪಶ್ಚಿಮದಲ್ಲಿ ನಿಜವಾದ ಚಂದ್ರ ಎಳೆಯಾಗಿ ಮೂಡಿತ್ತು. ಗೋಡೆ ಹಿಡಿದು ಮನೆಯ ಮಾಳಿಗೆಗೆ ಬಂದ ಅಪ್ಪ ಮಗನನ್ನು ಕರೆದರು.

"ನೋಡೋ, ಎಷ್ಟು ಚೆನ್ನಾಗಿ ಕಾಣ್ತಿದೆ!"

ಅವರು ಬೆರಳು ತೋರಿಸುತ್ತಿದ್ದುದು ಉತ್ತರಕ್ಕೆ. ಅಲ್ಲಿ ಏನೂ ಇರಲಿಲ್ಲ. ಅಪ್ಪ ಕತ್ತು ಹೊರಳಿಸಿದರು, ಬೆರಳೂ ಹೊರಳಿತು.

"ಇದೇನೋ ಇದು, ನಾನು ತಿರುಗಿದ ಕಡೆ ತಿರುಗುತ್ತಲ್ಲ?"

ಕಣ್ಣು ಮುಚ್ಚಿದರು. ಮುಖದ ಹಿಗ್ಗು ಇಳಿದುಹೋಯಿತು.

"ಕಣ್ಣು ಮುಚ್ಚಿದ್ರೂ ಕಾಣ್ತಿದೆ, ಜಮಾನ್."

ಅವನಿಗೆ ಅಳು ಬಂತು.

"ನಿನ್ನೆ ಚಂದ್ರ ಇತ್ತೇನೋ?"

"ಇರ್ಲಿಲ್ಲ, ಬಾಬಾ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಷ್ಟು ಜನರ ಮುಂದೆ ನಿಮ್ಮ ಮಾನ…"

"ನನ್ನ ಮಾನಾನಾ?" ಮುದುಕರು ಕಣ್ಣು ತೆರೆದರು. "ಕಾಣದ ವರ್ಷ ಕಾಣ್ಲಿಲ್ಲ ಅಂತಾನೇ ಹೇಳಿದೀನಿ ಕಣೋ. ಜನ ಬೈದ್ರೂ ಹೇಳಿದೀನಿ. ಊರಿಗೆ ಊರೇ ಉಪವಾಸ ಬಿಡ್ತಲ್ಲೋ, ನನ್ನ ಮಾತು ಕೇಳಿ! ನನ್ನ ಕಣ್ಣು ಹೋಗಿತ್ತು. ನಿನ್ನದು ಇತ್ತಲ್ಲ?"



"ಮಸೀದಿಗೆ ಹೋಗಿ ಹೇಳ್ಬೇಕು" ಎಂದು ಅಪ್ಪ ಮೆಟ್ಟಿಲ ಕಡೆ ತಿರುಗಿದರು. ಅವನು ಕೈ ಚಾಚಿದ. ಅವರು ಆ ಕೈಯನ್ನು ಮುಟ್ಟದೆ, ಗೋಡೆ ತಡವುತ್ತಾ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.